ಕಾವೇರಿ ವಾಪಸ್ ಬಂದ ಮೇಲೆ

ನಮ್ಮ ಆಫೀಸಿನಲ್ಲಿ ರಿಲೀಸಿನ ಹಿಂದಿನ ರಾತ್ರಿ ಯಾರಾದ್ರೂ ಸ್ವಲ್ಪ ಜಾಸ್ತಿ ಕೂಗಾಡಿದರೆ ಒಂದು ಮಾತು ಬಂದೇ ಬರುತ್ತೆ: 'ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣ್ರೋ.' ಟೀಮಿನಲ್ಲಿ ಹುಬ್ಬಳ್ಳಿ ಕಡೆಯ ಹುಡುಗ ಇದ್ದರೆ 'ಧಾರವಾಡಕ್ಕ ಕಳಸೂಣು' ಅಂತಾನೆ. ಎಲ್ಲರೂ ನಗ್ತೀವಿ. ನಗುವವರಲ್ಲಿ ಅರ್ಧ ಜನ ದಿನಾ ಹೊಸೂರು ರಸ್ತೆಯಲ್ಲಿ ಆ ಕಾಂಪೌಂಡಿನ ಪಕ್ಕದಲ್ಲೇ ಬಸ್ಸಲ್ಲಿ ಹೋಗೋರು. ಒಳಗೆ ಏನು ನಡೆಯುತ್ತೆ ಅಂತ ಕೇಳಿದರೆ ನಮಗೆ ಗೊತ್ತಿರೋದೆಲ್ಲ ಸಿನಿಮಾದಿಂದ ಬಂದಿದ್ದು. ಕಂಬಿ ಬಾಗಿಲು, ಒಂದೇ ಥರದ ಬಟ್ಟೆ, ತಲೆಗೆ ಎರಡು ತಂತಿ, ಮೂಲೆಯಲ್ಲಿ ತಾನೇ ಮಹಾರಾಜ ಅಂತ ಕೂತಿರೋ ಒಬ್ಬ ಕಾಮಿಡಿಯನ್.

ನನಗೂ ಅಷ್ಟೇ ಗೊತ್ತಿದ್ದದ್ದು. ಮನೆಯಲ್ಲೇ ಒಬ್ಬರು ಆ ಬಾಗಿಲೊಳಗೆ ಹೋಗಿ ವಾಪಸ್ ಬಂದವರಿದ್ದರೂ!

ನನ್ನ ದೊಡ್ಡಮ್ಮ, ಅಂದ್ರೆ ಅಮ್ಮನ ಅಕ್ಕ, ಎರಡನೇ ಮಗು ಹುಟ್ಟಿದ ಹತ್ತನೇ ದಿನಕ್ಕೆ ನಿದ್ದೆ ಬಿಟ್ಟರಂತೆ. ಮಗುವನ್ನ ಯಾರೋ ಬದಲಾಯಿಸಿದ್ದಾರೆ ಅಂದರಂತೆ. ಇದು 1976ರ ಮಾತು. ಮೂರು ತಿಂಗಳು ಒಂದು ದೊಡ್ಡಾಸ್ಪತ್ರೆಯಲ್ಲಿದ್ದು, ಹುಷಾರಾಗಿ ಮನೆಗೆ ಬಂದರು. ನಮಗೆ, ಅಂದ್ರೆ ಮಕ್ಕಳಿಗೆ, ಹೇಳಿದ್ದು 'ದೊಡ್ಡಮ್ಮನಿಗೆ ನರದ ವೀಕ್‌ನೆಸ್' ಅಂತ ಮಾತ್ರ. ಎರಡು ವರ್ಷದ ಹಿಂದೆ ಸಂಕ್ರಾಂತಿ ರಜೆಯಲ್ಲಿ ಅವರ ಮನೆಗೆ ಹೋಗಿದ್ದೆ. ಮಧ್ಯಾಹ್ನ ಟಿವಿಯಲ್ಲಿ 'ಶರಪಂಜರ' ಶುರುವಾಯ್ತು. ನಾನು ಗಾಬರಿಯಾಗಿ ರಿಮೋಟಿಗೆ ಕೈ ಹಾಕಿದೆ. ದೊಡ್ಡಮ್ಮ ನೆನೆಸಿದ ಅವರೆಕಾಳು ಹಿತುಕ್ತಾ ಕೂತಿದ್ದರು. ತಲೆ ಎತ್ತದೆ 'ಇರ್ಲಿ ಬಿಡೋ, ಕಲ್ಪನಾ ಸೀರೆಗಳು ಚೆನ್ನಾಗಿರ್ತವೆ' ಅಂದರು.

ಹಾಗಾಗಿ ಈ ಸಿನಿಮಾವನ್ನ ನಾನು ಮೊದಲ ಸಲ ಸರಿಯಾಗಿ ನೋಡಿದ್ದು, ಅದರ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲ ಒಬ್ಬರ ಪಕ್ಕ ಕೂತು.

ಕಥೆ ನಿಮಗೆ ಗೊತ್ತಿರುತ್ತೆ, ಆದರೂ ನೆನಪಿಸ್ತೀನಿ. ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ಸಿನಿಮಾ, ತ್ರಿವೇಣಿಯವರ ಕಾದಂಬರಿ. ಕಾವೇರಿ ಮತ್ತು ಸತೀಶ ಮೆಚ್ಚಿ ಮದುವೆಯಾದವರು. ಎರಡನೇ ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುತ್ತೆ. ಮದುವೆಗೆ ಮುಂಚೆ ಒಬ್ಬ ಅವಳ ಮೇಲೆ ಎಸಗಿದ ಅನ್ಯಾಯ, ಅವಳು ಹೂತಿಟ್ಟಿದ್ದ ವಿಷಯ, ಕಾಯಿಲೆಯಲ್ಲಿ ಹೊರಗೆ ಬರುತ್ತೆ. ಆಸ್ಪತ್ರೆಗೆ ಹೋಗ್ತಾಳೆ, ಗುಣವಾಗ್ತಾಳೆ, ಮನೆಗೆ ಬರ್ತಾಳೆ. ಮನೆ ಅವಳನ್ನ ವಾಪಸ್ ತಗೊಳ್ಳಲ್ಲ. ಗಂಡ ದೂರ, ನೆರೆಯವರು ದೂರ, ಅಡುಗೆಯವನೂ ಅವಳ ಮಾತಿಗೆ ಬೆಲೆ ಕೊಡಲ್ಲ. ಗಂಡನಿಗೆ ಆಫೀಸಿನ ಇನ್ನೊಬ್ಬಳ ಸಹವಾಸ. ಕೊನೆಗೆ ಕಾವೇರಿ ಮತ್ತೆ ಒಡೆದುಹೋಗ್ತಾಳೆ.

ನಮ್ಮ ತಲೆಮಾರಿಗೆ ಇದರಲ್ಲಿ ನೆನಪಿರೋದು ಕೊನೆಯ ಹತ್ತು ನಿಮಿಷ. ಕಲ್ಪನಾ ಕೂಗೋದು, ನಗೋದು, ಆ ಕಣ್ಣು. ಮಿಮಿಕ್ರಿ ಮಾಡೋರಿಗೆಲ್ಲ ಅದೇ ಬಂಡವಾಳ. ಆದರೆ ಸಿನಿಮಾದ ಜೀವ ಅದರ ಹಿಂದಿನ ಭಾಗದಲ್ಲಿದೆ, ಅವಳು ಹುಷಾರಾಗಿದ್ದಾಳೆ ಅನ್ನೋ ಭಾಗದಲ್ಲಿ. ಅಲ್ಲಿ ಯಾರೂ ಕಿರುಚಲ್ಲ. ಅವಳು ಸಿಟ್ಟು ಮಾಡಿಕೊಂಡರೆ ಅದು ಸಿಟ್ಟಲ್ಲ, ಲಕ್ಷಣ. ನಕ್ಕರೆ ಅದೂ ಲಕ್ಷಣ. ಗಂಡನ ಮೇಲೆ ಅನುಮಾನ ಪಟ್ಟರೆ, ಆ ಅನುಮಾನ ನಿಜವೇ ಆಗಿದ್ದರೂ, ಅದು ಎಲ್ಲಕ್ಕಿಂತ ದೊಡ್ಡ ಲಕ್ಷಣ. ಈ ಒಂದು ಬಲೆಯನ್ನ ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಭಾರತೀಯ ಸಿನಿಮಾ ನಾನು ನೋಡಿಲ್ಲ. ಹುಚ್ಚು ಬಂದವರ ಬಗ್ಗೆ ನೂರು ಸಿನಿಮಾ ಇವೆ. ಗುಣವಾದವರ ಬಗ್ಗೆ ಎಷ್ಟಿವೆ ಹೇಳಿ.

ಆಸ್ಪತ್ರೆಯ ದೃಶ್ಯಗಳು ಬಂದಾಗ ದೊಡ್ಡಮ್ಮ ಒಂದೆರಡು ಸಲ ಮೂಗಲ್ಲಿ ನಕ್ಕರು. ಕಾವೇರಿ ಮನೆಗೆ ಬಂದ ಮೇಲೆ ಅವರ ಕೈ ನಿಂತುಹೋಯ್ತು. ಅವರೆಕಾಳು ಬೊಗಸೆಯಲ್ಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅಂದರು: 'ಆಸ್ಪತ್ರೆ ಹೀಗಿರ್ಲಿಲ್ಲ ಕಣೋ. ಮನೆ ಮಾತ್ರ ಹೀಗೇ ಇತ್ತು.'

ಇದಕ್ಕಿಂತ ಒಳ್ಳೆ ವಿಮರ್ಶೆ ನಾನು ಬರೆಯಲಾರೆ. ಆದರೂ ಅವರ ಮಾತಿನ ಎರಡು ಅರ್ಧಗಳನ್ನೂ ಸ್ವಲ್ಪ ಬಿಡಿಸಿ ನೋಡೋ ಆಸೆ.

ಮೊದಲು ಆಸ್ಪತ್ರೆ. 'ಶರಪಂಜರ' ಬಂದಾಗ ನಿಮ್ಹಾನ್ಸ್ ಅನ್ನೋ ಹೆಸರೇ ಇರಲಿಲ್ಲ. ಬೆಂಗಳೂರಿನ ಹಳೇ ಮೆಂಟಲ್ ಹಾಸ್ಪಿಟಲ್ ಮತ್ತು 1954ರಲ್ಲಿ ಶುರುವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ ನಿಮ್ಹಾನ್ಸ್ ಆಗಿದ್ದು 1974ರಲ್ಲಿ. ಆಗ ದೇಶದಲ್ಲಿ ನಡೆಯುತ್ತಿದ್ದ ಕಾನೂನು 1912ರ ಲೂನಸಿ ಆ್ಯಕ್ಟ್. ಬ್ರಿಟಿಷರು ಮಾಡಿಟ್ಟ ಆ ಕಾಯ್ದೆಯಲ್ಲಿ ರೋಗಿಗೆ 'ಲೂನಾಟಿಕ್' ಅಂತಲೇ ಹೆಸರು. ಅದರ ಬದಲು ಹೊಸದು ಪಾಸಾಗಿದ್ದು 1987ರಲ್ಲಿ, ಜಾರಿಗೆ ಬಂದದ್ದು 1993ರಲ್ಲಿ. ಅಂದ್ರೆ ಪುಟ್ಟಣ್ಣನವರ ಅಷ್ಟೂ ಸಿನಿಮಾಗಳು, ನನ್ನ ದೊಡ್ಡಮ್ಮನ ಆ ಮೂರು ತಿಂಗಳು, ಎಲ್ಲ ಅದೇ ಹಳೇ ಕಾಯ್ದೆಯ ಕಾಲದ್ದು.

ಆ ಕಾಲದ ಚಿಕಿತ್ಸೆ ಅಂದ ತಕ್ಷಣ ಸಿನಿಮಾದವರಿಗೆ ನೆನಪಾಗೋದು ಒಂದೇ, ಕರೆಂಟು. 'ಜ್ಯುವೆಲ್ ಥೀಫ್'ನಲ್ಲಿ (1967) ದೇವ್ ಆನಂದ್ ತಲೆಗೆ ಶಾಕ್ ಕೊಟ್ಟು ಅವನು ಯಾರು ಅನ್ನೋದನ್ನೇ ಅಳಿಸೋಕೆ ನೋಡ್ತಾರೆ. ಅಲ್ಲಿಂದ ಶುರುವಾಗಿ ಹಿಂದಿ ಸಿನಿಮಾದಲ್ಲಿ ಶಾಕ್ ಅನ್ನೋದು ವಿಲನ್ ಕೈಯ ಆಯುಧ. ಹಾಲಿವುಡ್ಡಿನಲ್ಲಿ ಇದಕ್ಕೆ ಕಿರೀಟ ಇಟ್ಟಿದ್ದು 'ಒನ್ ಫ್ಲೂ ಓವರ್ ದಿ ಕುಕೂಸ್ ನೆಸ್ಟ್' (1975). ಐದು ಆಸ್ಕರ್ ಬಂತು. ಒರೆಗಾನ್ ರಾಜ್ಯದ ನಿಜವಾದ ಆಸ್ಪತ್ರೆಯಲ್ಲೇ ಶೂಟಿಂಗ್, ಅಲ್ಲಿಯ ಸೂಪರಿಂಟೆಂಡೆಂಟೇ ಡಾಕ್ಟರ್ ಪಾತ್ರ ಮಾಡಿದರು. ಅದರಲ್ಲಿ ಜ್ಯಾಕ್ ನಿಕೋಲ್ಸನ್‌ಗೆ ಶಾಕ್ ಕೊಡೋದು ಕಾಯಿಲೆಗಲ್ಲ, ತಿರುಗಿ ಮಾತಾಡಿದ್ದಕ್ಕೆ. ಸಿನಿಮಾ ಚೆನ್ನಾಗಿದೆ, ಅದರ ಸಿಟ್ಟು ನ್ಯಾಯವಾದದ್ದು. ಅದನ್ನ ನೋಡಿದವನು ಮತ್ತೆ ಯಾವತ್ತೂ ತನ್ನ ತಾಯಿಗೆ ಈ ಚಿಕಿತ್ಸೆ ಬೇಕು ಅಂತ ಡಾಕ್ಟರ್ ಹೇಳಿದರೆ ಒಪ್ಪಲ್ಲ, ಅದೂ ನಿಜ.

ಸಿನಿಮಾ ತೋರಿಸೋದು ಪೂರ್ತಿ ಸುಳ್ಳಲ್ಲ ಅನ್ನೋದನ್ನೂ ಹೇಳಬೇಕು. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಇದನ್ನ ಶುರುಮಾಡಿದಾಗ ಅರಿವಳಿಕೆ ಇರಲಿಲ್ಲ. ಆಮೇಲೆ ಅರಿವಳಿಕೆ, ಸ್ನಾಯು ಸಡಿಲ ಮಾಡೋ ಇಂಜೆಕ್ಷನ್ ಎಲ್ಲ ಬಂದರೂ, ಅರಿವಳಿಕೆ ಡಾಕ್ಟರುಗಳ ಕೊರತೆ ಇದ್ದ ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ನಾಲ್ಕು ಜನ ಹಿಡಿದುಕೊಂಡು ಬಾಯಿಗೆ ಬಟ್ಟೆ ಇಟ್ಟು ಕೊಡೋದೇ ನಡೆದಿತ್ತು. ಅರಿವಳಿಕೆಯಿಲ್ಲದೆ ಕೊಡಕೂಡದು ಅಂತ ಕಾನೂನೇ ಹೇಳಿದ್ದು 2017ರ ಕಾಯ್ದೆಯಲ್ಲಿ. ಸಿನಿಮಾ ಸುಳ್ಳು ಹೇಳೋದು ಹೇಗೆ ಕೊಡ್ತಾರೆ ಅನ್ನೋದರಲ್ಲಿ ಅಲ್ಲ, ಯಾರಿಗೆ ಯಾಕೆ ಕೊಡ್ತಾರೆ ಅನ್ನೋದರಲ್ಲಿ. ನಿಜ ಜೀವನದಲ್ಲಿ ಅದು ಊಟ ಬಿಟ್ಟು ಗೋಡೆ ನೋಡ್ತಾ ಕೂತವರಿಗೆ, ಸಾಯಬೇಕು ಅಂತ ಹೊರಟವರಿಗೆ, ದೊಡ್ಡಮ್ಮನಂಥ ಬಾಣಂತಿಯರಿಗೆ. ಬಹಳ ಜನಕ್ಕೆ ಅದರಿಂದ ಬೇಗ ಗುಣ ಕಂಡಿದೆ. ಇಂಥವರನ್ನ ಸಿನಿಮಾ ತೋರಿಸಲ್ಲ, ಯಾಕಂದ್ರೆ ಗೋಡೆ ನೋಡ್ತಾ ಕೂತವರಲ್ಲಿ ಸೀನ್ ಇಲ್ಲ.

ದೊಡ್ಡಮ್ಮನನ್ನ ಕೇಳಿದೆ, ಕರೆಂಟ್ ನೆನಪಿದೆಯಾ ಅಂತ. ಕರೆಂಟು ನೆನಪಿಲ್ವಂತೆ. ನೆನಪಿರೋದು ಅದಕ್ಕೆ ಮುಂಚೆ ಖಾಲಿ ಹೊಟ್ಟೆಯಲ್ಲಿ ಬೆಂಚಿನ ಮೇಲೆ ಸಾಲಾಗಿ ಕಾಯೋದು, ಮುಂದಿನವರು ಒಳಗೆ ಹೋದಾಗ ಬೆಂಚಿನ ಮೇಲೆ ಒಂದು ಜಾಗ ಸರಿಯೋದು. ಆಮೇಲೆ ತಲೆನೋವು, ಬಿಸಿ ಟೀ. 'ಟೀ ಚೆನ್ನಾಗಿರ್ತಿತ್ತು' ಅಂದರು. ಇಷ್ಟು ವರ್ಷ ನಾನು ನೋಡಿದ ಯಾವ ಸಿನಿಮಾದಲ್ಲೂ ಆ ಬೆಂಚು ಬಂದಿಲ್ಲ.

ಕರೆಂಟ್ ಬಿಟ್ಟರೆ ಸಿನಿಮಾಗಳಿಗೆ ಗೊತ್ತಿರೋ ಇನ್ನೊಂದು ಚಿಕಿತ್ಸೆ ಪ್ರೀತಿ. ಅಸಿತ್ ಸೇನ್ 1959ರಲ್ಲಿ ಬಂಗಾಳಿಯಲ್ಲಿ ಸುಚಿತ್ರಾ ಸೇನ್ ಜೊತೆ 'ದೀಪ್ ಜ್ವೇಲೇ ಜಾಯ್' ಮಾಡಿದರು, ಅದನ್ನೇ 1969ರಲ್ಲಿ ವಹೀದಾ ರೆಹಮಾನ್ ಜೊತೆ ಹಿಂದಿಯಲ್ಲಿ 'ಖಾಮೋಶಿ' ಅಂತ ಮಾಡಿದರು. ಅದರಲ್ಲಿ ನರ್ಸ್ ರಾಧಾಳ ಡ್ಯೂಟಿಯೇ ರೋಗಿಯನ್ನ ಪ್ರೀತಿಸುವ ಹಾಗೆ ನಟಿಸೋದು. ದೊಡ್ಡ ಡಾಕ್ಟರ್ ಸಾಹೇಬರು ಇದನ್ನ ಹೊಸ ವೈಜ್ಞಾನಿಕ ಪ್ರಯೋಗ ಅಂತ ಮಾಡಿಸ್ತಾರೆ. ಒಬ್ಬ ರೋಗಿ ಗುಣವಾಗಿ ಹೊರಟುಹೋಗ್ತಾನೆ, ಇನ್ನೊಬ್ಬ ಬರ್ತಾನೆ, ಕೊನೆಗೆ ರಾಧಾಳೇ ಅದೇ ವಾರ್ಡಿನ ರೋಗಿ. ಕಪ್ಪುಬಿಳುಪಿನಲ್ಲಿ ತುಂಬಾ ಸುಂದರವಾದ ಸಿನಿಮಾ, ಹೇಮಂತ್ ಕುಮಾರ್ ಸಂಗೀತ ಬೇರೆ. ನನಗೆ ಅದು ನೋಡುವಾಗೆಲ್ಲ ಸಂಕಟ ಆಗೋದು ರಾಧಾಳ ಪ್ರೇಮಕ್ಕಲ್ಲ. ಒಬ್ಬ ನೌಕರಳ ಮನಸ್ಸನ್ನ ಔಷಧಿಯ ಹಾಗೆ ಖರ್ಚು ಮಾಡಿದ್ದಾರಲ್ಲ, ಅದನ್ನ ಸಿನಿಮಾ ತ್ಯಾಗ ಅಂತ ಕರೆಯುತ್ತಲ್ಲ, ಅದಕ್ಕೆ.

ನಮ್ಮ 'ಮಾನಸ ಸರೋವರ' (1982) ಇದರ ಕನ್ನಡಿ ಬಿಂಬ. ಇಲ್ಲಿ ಡಾಕ್ಟರ್ ಗಂಡಸು, ಆನಂದ್, ಶ್ರೀನಾಥ್ ಮಾಡಿದ ಪಾತ್ರ. ರೋಗಿ ವಾಸಂತಿ. ಆರೈಕೆ ಮಾಡ್ತಾ ಮಾಡ್ತಾ ಅವಳನ್ನೇ ಬಯಸ್ತಾನೆ. ಅವಳು ಗುಣವಾಗಿ ಇನ್ನೊಬ್ಬನನ್ನ ಪ್ರೀತಿಸ್ತಾಳೆ. ಡಾಕ್ಟರಿಗೆ ಹುಚ್ಚು ಹಿಡಿಯುತ್ತೆ. ಎಸ್ಪಿಬಿ ದನಿಯಲ್ಲಿ ಆ ಹಾಡು ಬಂದಾಗ ನಮ್ಮ ಅಪ್ಪನಂಥ ಅಪ್ಪನ ಕಣ್ಣಲ್ಲೂ ನೀರು ಬರುತ್ತೆ. ಆದರೆ ಒಂದು ನಿಮಿಷ ಹಾಡು ನಿಲ್ಲಿಸಿ ಯೋಚನೆ ಮಾಡಿ. ವಾಸಂತಿ ಮಾಡಿದ ತಪ್ಪೇನು? ಚಿಕಿತ್ಸೆ ತಗೊಂಡು ಹುಷಾರಾಗಿದ್ದು! ಡಾಕ್ಟರ್ ಮನಸ್ಸಿನಲ್ಲಿದ್ದ ಸಾಲದ ಲೆಕ್ಕ ಅವಳಿಗೆ ಹೇಗೆ ಗೊತ್ತಾಗಬೇಕು? ಇವತ್ತು ಯಾವುದಾದರೂ ಕೌನ್ಸೆಲರ್ ಹೀಗೆ ಮಾಡಿದ್ರೆ ನಾವು ಸ್ಕ್ರೀನ್‌ಶಾಟ್ ತೆಗೆದು ಹಾಕ್ತೀವಿ. ಹತ್ತು ವರ್ಷದ ಹಿಂದೆ ಕಾವೇರಿಯ ಕಡೆ ನಿಂತಿದ್ದ ಪುಟ್ಟಣ್ಣ, ಇಲ್ಲಿ ಗುಣವಾದ ಹೆಣ್ಣಿನ ಕಡೆ ನಿಲ್ಲಲಿಲ್ಲ. ಪ್ರೇಕ್ಷಕರ ಕಣ್ಣೀರೆಲ್ಲ ಡಾಕ್ಟರಿಗೆ ಹೋಯ್ತು. ಅಭಿಮಾನಿಗಳು ಬೈತಾರೆ ಅಂತ ಗೊತ್ತು, ಆದರೂ ಇದನ್ನ ಹೇಳಲೇಬೇಕು.

ಅಂದಹಾಗೆ, ಈ ಸಿನಿಮಾಗಳಲ್ಲೆಲ್ಲ ರೋಗಿ ಒಂಟಿ. ಗೇಟಿನಲ್ಲಿ ಬಿಟ್ಟು ಮನೆಯವರು ಕಣ್ಣೊರೆಸಿಕೊಂಡು ವಾಪಸ್ ಹೋಗ್ತಾರೆ. ಇದು ಇಂಗ್ಲಿಷ್ ಸಿನಿಮಾದಿಂದ ಎರವಲು ತಂದ ಆಸ್ಪತ್ರೆ ಅಂತ ನನ್ನ ಅನುಮಾನ. ನಮ್ಮಲ್ಲೂ ಅಂಥ ಬೀಗ ಹಾಕಿದ ವಾರ್ಡುಗಳಿದ್ದವು, ಇಲ್ಲ ಅಂತಲ್ಲ. ಆದರೆ ಇನ್ನೊಂದು ದಾರಿಯೂ ಇಲ್ಲೇ ಹುಟ್ಟಿತ್ತು. 1950ರ ದಶಕದಲ್ಲೇ ಅಮೃತಸರದ ಮೆಂಟಲ್ ಹಾಸ್ಪಿಟಲ್ಲಿನಲ್ಲಿ ಡಾ. ವಿದ್ಯಾ ಸಾಗರ್ ಅನ್ನೋರು ಆಸ್ಪತ್ರೆ ಅಂಗಳದಲ್ಲಿ ಟೆಂಟ್ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಆಮೇಲೆ ಬೆಂಗಳೂರು ಸೇರಿದಂತೆ ಬೇರೆ ಕಡೆಯೂ ಇಂಥ ಕುಟುಂಬ ವಾರ್ಡುಗಳು ಬಂದವು. ಹೀಗೆ ಇದ್ದ ಮನೆಯವರು ಕಾಯಿಲೆ ಅಂದ್ರೇನು ಅಂತ ಕಣ್ಣಾರೆ ನೋಡಿ, ಬೇರೆಯವರದ್ದೂ ನೋಡಿ, ಕಲಿತು ಹೋಗ್ತಿದ್ದರು. ನಮ್ಮ ಅಜ್ಜಿ ದೊಡ್ಡಮ್ಮನ ಜೊತೆ ಮೂರು ತಿಂಗಳೂ ಇದ್ದರಂತೆ, ಮಂಚದ ಪಕ್ಕ ಚಾಪೆ ಹಾಸಿಕೊಂಡು. ದೊಡ್ಡಪ್ಪ ಭಾನುವಾರ ಬಂದು ಹೋಗ್ತಿದ್ದರು. ವಾಪಸ್ ಬಂದ ಮೇಲೆ ಮನೆಯಲ್ಲಿ ದೊಡ್ಡಮ್ಮನ ಜೊತೆ ಜಗಳ ಆಡ್ತಿದ್ದದ್ದು ಅಜ್ಜಿ ಒಬ್ಬರೇ. ಮಿಕ್ಕವರೆಲ್ಲ ತುಂಬಾ ಮೆತ್ತಗೆ, ತುಂಬಾ ಹುಷಾರಾಗಿ ಮಾತಾಡ್ತಿದ್ದರಂತೆ. ತರಕಾರಿಯವನ ಜೊತೆ ದೊಡ್ಡಮ್ಮ ಸ್ವಲ್ಪ ಜೋರಾಗಿ ಚೌಕಾಸಿ ಮಾಡಿದರೆ ಸಾಕು, ದೊಡ್ಡಪ್ಪ ಜಗಲಿಗೆ ಬಂದು ನಿಲ್ಲೋರು. ಆಮೇಲೆ ಆ ಪ್ರಶ್ನೆ: 'ಮಾತ್ರೆ ತಗೊಂಡ್ಯಾ?'

ನಾನೂ ಕೇಳಿದ್ದೀನಿ. ಇಂಜಿನಿಯರಿಂಗ್ ಓದುವಾಗ ಅವರ ಮನೆಯಲ್ಲಿದ್ದೆ, ರಾತ್ರಿ ಹನ್ನೊಂದೂವರೆಗೆ ಬಂದೆ, ಬೈದರು. ನ್ಯಾಯವಾಗಿಯೇ ಬೈದರು. ನಾನು ಶೂ ಬಿಚ್ಚುತ್ತಾ 'ದೊಡ್ಡಮ್ಮ, ಮಾತ್ರೆ ತಗೊಂಡ್ರಾ?' ಅಂದೆ. ಅವರು ಸುಮ್ಮನೆ ಒಳಗೆ ಹೋಗಿ ತಟ್ಟೆ ಹಾಕಿದರು. 'ಶರಪಂಜರ'ದಲ್ಲಿ ಸತೀಶನನ್ನ ನೋಡಿ ಹಲ್ಲು ಕಡಿಯುವಾಗ ಇದು ನೆನಪಾಗದೆ ಇರಲಿಲ್ಲ.

ಇನ್ನು ಸಿನಿಮಾ ಮೇಲೆ ನನ್ನ ತಕರಾರು. ಎರಡಿವೆ.

ಕಾವೇರಿಗೆ ಯಾಕೆ ಹೀಗಾಯ್ತು ಅನ್ನೋದಕ್ಕೆ ನಮ್ಮ ಹಳ್ಳಿಗಳಲ್ಲಿ ಒಂದು ಹಳೇ ಹೆಸರಿದೆ, ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಂದೋ ಎರಡೋ ಆಗುತ್ತೆ. ಸಾಮಾನ್ಯವಾಗಿ ಹೆರಿಗೆಯಾದ ಎರಡು ವಾರದೊಳಗೆ ಶುರುವಾಗುತ್ತೆ, ನಿದ್ದೆ ಹೋಗುತ್ತೆ, ಭ್ರಮೆ ಬರುತ್ತೆ, ಚಿಕಿತ್ಸೆ ಸಿಕ್ಕರೆ ಬಹುಪಾಲು ಜನ ಚೆನ್ನಾಗಿ ಗುಣವಾಗ್ತಾರೆ. ಯಾವ ಗುಟ್ಟೂ ಇಲ್ಲದ ಹೆಂಗಸಿಗೂ ಬರಬಹುದು. ದೊಡ್ಡಮ್ಮನಿಗೆ ಯಾವ ಫ್ಲ್ಯಾಶ್‌ಬ್ಯಾಕೂ ಇರಲಿಲ್ಲ! ಸಿನಿಮಾಗೆ ಇಷ್ಟು ಸಾಕಾಗಲ್ಲ. ಕಾಯಿಲೆಯ ಹಿಂದೆ ಒಂದು ಹೂತಿಟ್ಟ ಸತ್ಯ ಬೇಕು, ಅದು ಹೊರಬರಬೇಕು. 1945ರ ಹಿಚ್‌ಕಾಕ್ ಸಿನಿಮಾ 'ಸ್ಪೆಲ್‌ಬೌಂಡ್'ನಿಂದ ಇದೇ ಚಾಳಿ: ಮನೋವೈದ್ಯ ಅಂದ್ರೆ ಪತ್ತೇದಾರ, ನೆನಪು ಅಂದ್ರೆ ಕ್ಲೂ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಆ ಘಟನೆಯನ್ನ ಇಟ್ಟಿದ್ದಕ್ಕೆ ಒಂದು ಬಲವಾದ ಕಾರಣ ಇದೆ ಅಂತ ಒಪ್ತೀನಿ. ಗಂಡ ಕ್ಷಮಿಸದೇ ಇದ್ದದ್ದು ಹುಚ್ಚನ್ನೋ, ಶೀಲವನ್ನೋ ಅನ್ನೋ ಪ್ರಶ್ನೆ ಅದರಿಂದಲೇ ಹುಟ್ಟೋದು, ಅದು ಕಥೆಯ ಅತ್ಯಂತ ಕಹಿಯಾದ, ನಿಜವಾದ ಭಾಗ. ಆದರೆ ನೋಡಿ ಎದ್ದುಬಂದ ಪ್ರೇಕ್ಷಕರು ಮನೆಗೆ ಒಯ್ದದ್ದು ಇನ್ನೊಂದನ್ನ: ಹುಚ್ಚು ಬಂದ ಹೆಣ್ಣಿಗೆ ಹಿಂದೆ ಏನೋ ಇದ್ದಿರಬೇಕು. ದೊಡ್ಡಮ್ಮ ವಾಪಸ್ ಬಂದಾಗ ಬೀದಿಯವರು ಅಜ್ಜಿಯನ್ನ ಕೇಳಿದ್ದೂ ಅದನ್ನೇ, ಸುತ್ತಿ ಬಳಸಿ. ಅಷ್ಟು ಹೊತ್ತಿಗೆ ಸಿನಿಮಾ ಬಂದು ನಾಲ್ಕು ವರ್ಷ ಆಗಿತ್ತು.

(ತ್ರಿವೇಣಿ 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಹೋದರು. ಇನ್ನೂ 35 ತುಂಬಿರಲಿಲ್ಲ. ಬಾಣಂತಿಯ ಮನಸ್ಸಿನ ಬಗ್ಗೆ ಕನ್ನಡದಲ್ಲಿ ಇಷ್ಟು ಆಳವಾಗಿ ಬರೆದವರಿಗೇ ಬಾಣಂತನ ಮುಗಿಸಲು ಆಗಲಿಲ್ಲ. ಸಿನಿಮಾವನ್ನೂ ಅವರು ನೋಡಲಿಲ್ಲ.)

ಎರಡನೇ ತಕರಾರು ಕೊನೆಯ ದೃಶ್ಯದ್ದು. ಕಾವೇರಿ ಮತ್ತೆ ಒಡೆಯೋದು ಅಸಾಧ್ಯ ಅಂತಲ್ಲ, ಆ ಮನೆಯಲ್ಲಿ ಯಾರಾದರೂ ಒಡೀತಾರೆ. ಆದರೆ ಎರಡು ಗಂಟೆ ಹೊತ್ತು 'ಇವಳು ಹುಚ್ಚಿಯಲ್ಲ, ನೀವು ಹಾಗೆ ನೋಡ್ತಿದ್ದೀರಿ' ಅಂತ ನಮ್ಮನ್ನ ಬೈದ ಸಿನಿಮಾ, ಕೊನೆಗೆ ನಮಗೆ ಬೇಕಾದ್ದನ್ನೇ ಕೈಗಿಟ್ಟಿತು. ಕ್ಯಾಮೆರಾ ಕಲ್ಪನಾ ಮುಖದ ಹತ್ತಿರ ಹತ್ತಿರ ಹೋಗುತ್ತೆ, ನಾವು ಕಣ್ಣು ಮಿಟುಕಿಸದೆ ನೋಡ್ತೀವಿ, ಅಲ್ಲಿಂದ ಐವತ್ತು ವರ್ಷ ಅದನ್ನೇ ನೆನಪಿಟ್ಟುಕೊಳ್ತೀವಿ. ಸಹನೆಯಿಂದ ಬದುಕಿದ ಕಾವೇರಿಯನ್ನ ಮಿಮಿಕ್ರಿ ಮಾಡೋಕೆ ಆಗಲ್ಲವಲ್ಲ.

ಆಮೇಲಿನ ಕನ್ನಡ ಸಿನಿಮಾ ಈ ವಿಷಯದಲ್ಲಿ ಮುಂದೆ ಹೋಯ್ತಾ ಅಂದ್ರೆ, ಏನು ಹೇಳೋದು. 'ಹುಚ್ಚ' (2001) ಸುದೀಪ್‌ಗೆ ಕಿಚ್ಚ ಅನ್ನೋ ಹೆಸರು ಕೊಟ್ಟಿತು, ಸರಪಳಿಯನ್ನ ಪ್ರೇಮದ ಸಂಕೇತ ಮಾಡಿತು. ಅದೇ ವರ್ಷ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾರದೆ ಸತ್ತರು, 28 ಜನ. 'ಆಪ್ತಮಿತ್ರ' (2004) ಒಂದು ರೀತಿಯಲ್ಲಿ ಒಳ್ಳೇದು ಮಾಡಿತು, ವಿಷ್ಣುವರ್ಧನ್ ಅಂಥ ಸ್ಟಾರ್ ಮನೋವೈದ್ಯನಾಗಿ ಬಂದು 'ಇದು ದೆವ್ವ ಅಲ್ಲ, ಕಾಯಿಲೆ' ಅಂದರು. ಆದರೆ ಚಿಕಿತ್ಸೆ ನಡೆದದ್ದು ಆಚಾರ್ಯರ ಮಂಡಲದ ಮಧ್ಯೆ, ಒಂದೇ ರಾತ್ರಿಯಲ್ಲಿ. ಬೆಳಗಾದರೆ ಗಂಗಾ ಪೂರ್ತಿ ಹುಷಾರು. ಫಾಲೋಅಪ್ ಇಲ್ಲ, ಮಾತ್ರೆ ಇಲ್ಲ.

ಮಾತ್ರೆ! ಇಡೀ ವಿಷಯದಲ್ಲಿ ನನಗೆ ಅತಿ ವಿಚಿತ್ರ ಅನಿಸೋದು ಇದು. ಕಳೆದ ಶತಮಾನದಲ್ಲಿ ಈ ಆಸ್ಪತ್ರೆಗಳ ಬಾಗಿಲು ತೆಗೆಸಿದ ದೊಡ್ಡ ಸಂಗತಿಗಳಲ್ಲಿ ಒಂದು 1952ರಲ್ಲಿ ಪ್ಯಾರಿಸ್‌ನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜಿನ್. ನಮ್ಮಲ್ಲಿ ಲಾರ್ಗಾಕ್ಟಿಲ್ ಅಂತ ಸಿಗ್ತಿತ್ತು. ಬಾಯಿ ಒಣಗುತ್ತೆ, ಕೈ ನಡುಗುತ್ತೆ, ಬಿಸಿಲಿಗೆ ಚರ್ಮ ಉರಿಯುತ್ತೆ, ಆದರೆ ವರ್ಷಗಟ್ಟಲೆ ಒಳಗಿದ್ದವರು ಅದರಿಂದ ಮನೆಗೆ ಹೋದರು. ಸಿನಿಮಾದಲ್ಲಿ ಅದಕ್ಕೆ ಜಾಗ ಇಲ್ಲ. 'ಕುಕೂಸ್ ನೆಸ್ಟ್'ನಲ್ಲಿ ಮಾತ್ರೆಗೆ ಸಾಲು ನಿಲ್ಲೋ ದೃಶ್ಯ ಇದೆ, ಅದೂ ಜೈಲಿನ ಹಾಗೆ. ಅದು ಬಿಟ್ಟರೆ ಒಬ್ಬ ಹೆಂಗಸು ದಿನಾ ರಾತ್ರಿ ಊಟ ಆದ ಮೇಲೆ ಹಾರ್ಲಿಕ್ಸ್ ಬಾಟ್ಲಿಯಿಂದ ಒಂದು ಚೀಟಿ ತೆಗೆದು, ಅರ್ಧ ಮಾತ್ರೆ ಮುರಿದು, ನುಂಗಿ, ನಾಳೆಗೆ ದೋಸೆ ಹಿಟ್ಟು ರುಬ್ಬೋದು, ಹೀಗೆ ನಲವತ್ತು ವರ್ಷ: ಇದನ್ನ ಯಾವ ನಿರ್ದೇಶಕರೂ ತೆಗೆದಿಲ್ಲ.

ಕ್ಲೈಮ್ಯಾಕ್ಸ್ ಬರೋ ಹೊತ್ತಿಗೆ ದೊಡ್ಡಮ್ಮ ಎದ್ದು ಅಡುಗೆಮನೆಗೆ ಹೋದರು. 'ನೀನು ನೋಡು, ನಂಗೊತ್ತು ಅದು' ಅಂದರು. ನಾನು ಸೌಂಡ್ ಕಮ್ಮಿ ಮಾಡಿ ನೋಡಿದೆ. ಕಲ್ಪನಾ ಬಾಯಿ ತೆರೆದು ಕೂಗ್ತಿದ್ದರು, ಒಳಗಿಂದ ಅಮ್ಮ ಮತ್ತು ದೊಡ್ಡಮ್ಮ ಹಿತಕಿದ ಬೇಳೆ ಸಾರಿಗೆ ತೆಂಗಿನಕಾಯಿ ಎಷ್ಟು ಹಾಕಬೇಕು ಅಂತ ವಾದ ಮಾಡೋದು ಕೇಳ್ತಿತ್ತು. ದನಿ ಸ್ವಲ್ಪ ಜೋರಾಗೇ ಇತ್ತು. ದೊಡ್ಡಪ್ಪ ಹೋಗಿ ಆರು ವರ್ಷ ಆಯ್ತು, ಜಗಲಿಗೆ ಬಂದು ನಿಲ್ಲೋರು ಯಾರೂ ಇರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಹೇಳಿದೆ.

'ನಿಮ್ಮಮ್ಮ ಹಾಕಿದ್ದು' ಅಂದರು ದೊಡ್ಡಮ್ಮ. 'ನನ್ನ ಮುಖ ನೋಡ್ಬೇಡ.'